ಕಿನುಯೆ ಬಚ್ಚಿಟ್ಟ ‘ನ’ ಹಾಡು

ಕಿನುಯೆಯನ್ನು ಪುಕ್ಕಲಿ ಎಂದರೆ ಕುರೊಹಾಮ ಬಂದರಿನಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಟ್ಯೂನಾ ದೋಣಿಯ ಮೇಸ್ತ್ರಿಯೊಬ್ಬ ಕುಡಿದು ಅವಳ ಬಾರಿನಲ್ಲಿ ಮೈಕನ್ನು ನೆಲಕ್ಕೆ ಬಡಿದಾಗ ಅವನ ಕಾಲರು ಹಿಡಿದು ಎಳೆದೊಯ್ದು ಹಿಮದ ಮೇಲೆ ಕೂರಿಸಿ, “ತಲೆ ತಣ್ಣಗಾದ್ಮೇಲೆ ಒಳಗ್ ಬಾ” ಎಂದು ಬಾಗಿಲು ಹಾಕಿಕೊಂಡ ಹೆಂಗಸು ಅವಳು. ಆದರೂ ಹೇಳುತ್ತೇನೆ ಕೇಳಿ, ಈ ಊರಿನಲ್ಲಿ ಅವಳಷ್ಟು ಹೆದರಿ ಬದುಕಿದವರು ಇನ್ನೊಬ್ಬರಿಲ್ಲ. ಇಪ್ಪತ್ತೆರಡು ವರ್ಷಕ್ಕೂ ಮೇಲೆ ಹೆದರಿದಳು, ಅದೂ ಒಂದು ಹಾಡಿಗೆ.

ಅವಳು ಬೆಟ್ಟದ ಕಡೆಯವಳು. ಇಪ್ಪತ್ತನಾಲ್ಕನೇ ವಯಸ್ಸಿಗೆ ತೆನ್ಯೂ ದೋಣಿಯ ಅಡುಗೆಯವನಾದ ಯಾಸುಕಿಚಿಯನ್ನು ಮದುವೆಯಾಗಿ ಬಂದಾಗ ಅವಳು ಸಮುದ್ರವನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಬಂದ ವಾರದಲ್ಲೇ ದೋಣಿಯ ಯಜಮಾನನ ತಾಯಿ ರಿತ್ಸು ಅಜ್ಜಿ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

“ನೋಡೇ ಹುಡ್ಗಿ, ನೀನು ಹಾಡ್ತೀಯಂತೆ. ಹಾಡ್ಕೋ, ಬೇಡ ಅನ್ನಲ್ಲ. ಆದ್ರೆ ದೋಣಿ ಹಗ್ಗ ಬಿಚ್ಚಿದ್ ದಿನದಿಂದ ಗಂಡಸ್ರು ವಾಪಸ್ ಬಂದು ದಡಕ್ಕೆ ಕಾಲಿಡೋವರ್ಗೂ ‘ನ’ ಇಂದ ಶುರುವಾಗೋ ಹಾಡು ಬಾಯಲ್ಲಿ ಬರಕೂಡ್ದು. ತಿಳೀತಾ?”

“ಯಾಕಜ್ಜಿ?”

“ಯಾಕಂತೆ ಯಾಕೆ! ಕಣ್ಣೀರು ಯಾವ್ದ್ರಿಂದ ಶುರುವಾಗುತ್ತೆ? ಅಲೆ ಯಾವ್ದ್ರಿಂದ? ಕೊಚ್ಕೊಂಡ್ ಹೋಗೋದು ಯಾವ್ದ್ರಿಂದ? ನಮಿದಾ, ನಮಿ, ನಗಾಸರೆ, ನಮ್ ಭಾಷೇಲಿ ಎಲ್ಲಾ ‘ನ’ ಇಂದಾನೇ. ಹಾಡು ಕಟ್ಟೋರಿಗೆ ಬೇರೆ ಕೆಲ್ಸ ಇಲ್ಲ, ಸಮುದ್ರದ್ ಹಾಡು ಅಂದ್ರೆ ಅರ್ಧಕ್ಕರ್ಧ ಆ ಅಕ್ಷರದ್ದೇ ಹೆಸ್ರಿಡ್ತಾರೆ. ಒಂದ್ ವರ್ಷ ಬೀಳ್ಕೊಡುಗೇಲಿ ಅಂಥದ್ದೊಂದನ್ನ ಹಾಡಿ ಹದಿನಾಲ್ಕು ಜನಾನ ಕಳ್ಕೊಂಡಿದ್ದೀವಿ. ನನ್ನ ದೊಡ್ಮಗನೂ ಅದ್ರಲ್ಲಿದ್ದ.”

ಹೆಸರು ‘ನ’ದಿಂದ ಶುರುವಾದರೆ ಸಾಕು, ಹಾಡಿನೊಳಗೆ ಮದುವೆ ದಿಬ್ಬಣವೇ ಇರಲಿ, ಅದು ನಿಷಿದ್ಧ. ಹೆಸರು ಬೇರೆಯಾಗಿದ್ದು ಒಳಗೆ ದೋಣಿ ಮುಳುಗಿ ಸತ್ತರೂ ಪರವಾಗಿಲ್ಲ, ಹಾಡಬಹುದು. ಇದೆಂಥ ಲೆಕ್ಕ ಎಂದು ಹೊರಗಿನವರು ಕೇಳುತ್ತಾರೆ. ಗಂಡಸರು ನೀರಿನ ಮೇಲಿದ್ದಾಗ ದಡದಲ್ಲಿ ಕೈಕಟ್ಟಿ ಕೂತ ಹೆಂಗಸರಿಗೆ ಮಾಡಲು ಏನಾದರೊಂದು ಬೇಕಲ್ಲ, ಅಷ್ಟೇ.

ಕಿನುಯೆಗೆ ಇದು ಬೇರೆಯವರಿಗಿಂತ ಹೆಚ್ಚು ಚುಚ್ಚಿತು. ಏಕೆಂದರೆ ಅವಳಿಗೆ ನಿಜವಾಗಿ ಬರುತ್ತಿದ್ದುದು ಒಂದೇ ಹಾಡು, ‘ನತ್ಸುಕಾವಾ ಸೇತುವೆ’. ಅದನ್ನು ಹಾಡಿಯೇ ಹದಿನೆಂಟನೇ ವಯಸ್ಸಿನಲ್ಲಿ ಊರಿನ ಸ್ಪರ್ಧೆಯಲ್ಲಿ ಕಬ್ಬಿಣದ ಕೆಟಲ್ ಗೆದ್ದಿದ್ದಳು. ಬೆಟ್ಟದ ಹೊಳೆ, ಮರದ ಸೇತುವೆ, ಬೇಸಿಗೆಯ ಬಿಸಿಲು, ಇಷ್ಟೇ ಅದರಲ್ಲಿರುವುದು, ಸಮುದ್ರದ ಸುದ್ದಿಯೇ ಇಲ್ಲ. ಆದರೆ ಹೆಸರು ‘ನ’ದಿಂದ. ಅವಳು ತಲೆ ತಗ್ಗಿಸಿ “ಆಯ್ತಜ್ಜಿ” ಎಂದಳು.

ಮೂವತ್ತೊಂದನೇ ವಯಸ್ಸಿಗೆ ಮೀನುಗಾರರ ಸಹಕಾರ ಸಂಘದ ಪಕ್ಕದ ಸಣ್ಣ ಕಟ್ಟಡದಲ್ಲಿ ‘ಮಿಸಾಗೊ’ ಎಂಬ ಬಾರು ತೆರೆದಳು. ಎಂಟು ಕುರ್ಚಿ, ಒಂದು ಹಾಡಿನ ಯಂತ್ರ, ಸಾಬೂನಿನ ಪೆಟ್ಟಿಗೆಯಷ್ಟು ದಪ್ಪದ ಟೇಪುಗಳು, ಒಂದೊಂದರಲ್ಲಿ ನಾಲ್ಕು ಹಾಡು. ದೋಣಿ ಹೊರಟ ದಿನ ಬೆಳಿಗ್ಗೆ ಅವಳ ಮೊದಲ ಕೆಲಸವೆಂದರೆ ‘ನ’ ಹಾಡು ಇದ್ದ ಟೇಪುಗಳನ್ನೆಲ್ಲ ಆರಿಸಿ ಬಿಸ್ಕತ್ತಿನ ಡಬ್ಬಕ್ಕೆ ತುಂಬುವುದು. ಜೊತೆಗಿದ್ದ ಬೇರೆ ಹಾಡುಗಳೂ ಪಾಪ, ತಪ್ಪಿಲ್ಲದೆ ಸೆರೆಗೆ ಹೋಗುತ್ತಿದ್ದವು. ಹಾಡಿನ ಪುಸ್ತಕದಲ್ಲಿ ಹೆಸರುಗಳು ಅಕ್ಷರದ ಸಾಲಿನಲ್ಲಿ ಇರುತ್ತವಲ್ಲ, ಅದರ ‘ನ’ ಹಾಳೆಗಳಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸುತ್ತಿದ್ದಳು. ಹೊರಗಿನ ಲಾರಿಯವನು ಬಂದು ಯಾಕೆಂದು ಕೇಳಿದರೆ “ಆ ಹಾಳೆಗಳಿಗೆ ಶೀತ ಆಗಿದೆ, ಮುಟ್ಬೇಡಿ” ಎನ್ನುತ್ತಿದ್ದಳು. ಊರ ಹೆಂಗಸರು ಇದನ್ನೆಲ್ಲ ನೋಡಿ, ಬೆಟ್ಟದವಳಾದರೂ ನಮ್ಮವಳಾದಳು ಎಂದು ಒಪ್ಪಿಕೊಂಡರು.

ಆದರೆ ದೋಣಿ ದಡದಲ್ಲಿದ್ದಾಗ ಬಾರು ತುಂಬಿರುತ್ತಿತ್ತು. ಹಾಡುವವರು ಗಿರಾಕಿಗಳು, ಲೋಟ ತೊಳೆಯುವವಳು ಒಡತಿ. ಹಾಡಬಹುದಾದ ದಿನಗಳಲ್ಲಿ ಅವಳಿಗೆ ಪುರುಸೊತ್ತಿಲ್ಲ, ಪುರುಸೊತ್ತಿದ್ದ ದಿನಗಳಲ್ಲಿ ಹಾಡುವಂತಿಲ್ಲ. ಹೀಗಾಗಿ ಬಾರು ತೆರೆದ ಎರಡನೇ ವರ್ಷದಿಂದಲೇ ಕಿನುಯೆ ಕದ್ದು ಹಾಡತೊಡಗಿದಳು. ದೋಣಿ ಹೋದ ಮೇಲೆ, ಒಂದೇ ಒಂದು ಸಲ, ಮಧ್ಯಾಹ್ನ ಶಟರು ಎಳೆದು, ಮೈಕಿಲ್ಲದೆ, ಒಂದೇ ಚರಣ. ಹಾಡಿ ಮುಗಿಸಿದ ಕೂಡಲೇ ಬಾಯಿಗೆ ಉಪ್ಪುನೀರು ಹಾಕಿ ಮುಕ್ಕಳಿಸುತ್ತಿದ್ದಳು. ದೋಣಿ ಬರುವವರೆಗೆ ಎದೆ ಪುಕುಪುಕು ಎನ್ನುತ್ತಿತ್ತು. ದೋಣಿ ಪ್ರತಿಸಲವೂ ಬಂತು. ಬಂದ ಮೇಲೂ ಭಯ ಹೋಗುತ್ತಿರಲಿಲ್ಲ, ಮುಂದಿನ ಸಲಕ್ಕೆ ಉಳಿಯುತ್ತಿತ್ತು, ಅಷ್ಟೇ.

ಶೋವಾ ಐವತ್ತಮೂರನೇ ವರ್ಷದ, ಅಂದರೆ ಸಾವಿರದ ಒಂಬೈನೂರ ಎಪ್ಪತ್ತೆಂಟರ, ಫೆಬ್ರವರಿಯಲ್ಲಿ ತೆನ್ಯೂ ಹನ್ನೊಂದು ಜನರೊಂದಿಗೆ ಹೊರಟಿತು. ಹೊರಟು ಹನ್ನೆರಡನೇ ದಿನ ಕಿನುಯೆ ಶಟರು ಎಳೆದಳು. ಆ ವಾರ ಅವಳಿಗೆ ಊರಿನಿಂದ ಪತ್ರ ಬಂದಿತ್ತು, ಹಳೆಯ ಮರದ ಸೇತುವೆ ಕಿತ್ತು ಕಾಂಕ್ರೀಟು ಹಾಕುತ್ತಾರಂತೆ. ಅದೇನು ಮನಸ್ಸಾಯಿತೋ, ಡಬ್ಬ ತೆಗೆದು ಟೇಪು ಹಾಕಿದಳು, ಮೈಕು ಹಿಡಿದಳು, ಪ್ರತಿಧ್ವನಿಯ ಗುಂಡಿಯನ್ನೂ ತಿರುಗಿಸಿದಳು. ಮೂರೂ ಚರಣ ಹಾಡಿದಳು. ಗೋಡೆಯ ಗಡಿಯಾರ ಆಗ ಮೂರು ಗಂಟೆ ತೋರಿಸುತ್ತಿತ್ತು.

ಮರುದಿನ ಮಧ್ಯಾಹ್ನ ತೆನ್ಯೂ ಮಾತಾಡಲಿಲ್ಲ. ದೋಣಿಗಳು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ರೇಡಿಯೊದಲ್ಲಿ ತಾವಿರುವ ಜಾಗ ಹೇಳುತ್ತವೆ, ಸಂಘದ ಗುಮಾಸ್ತ ಅದನ್ನು ಹೊರಗಿನ ಕರಿಹಲಗೆಯ ಮೇಲೆ ಬರೆಯುತ್ತಾನೆ. ಅಂದು ತೆನ್ಯೂ ಹೆಸರಿನ ಮುಂದೆ ಅವನು ಏನೂ ಬರೆಯಲಿಲ್ಲ. ಬೇರೆ ದೋಣಿಗಳವರು ಹಿಂದಿನ ದಿನ ಆ ಕಡೆ ದೊಡ್ಡ ಬಿರುಗಾಳಿ ಎದ್ದಿದ್ದಾಗಿ ಹೇಳಿದರು. ಕಿನುಯೆ ಕರಿಹಲಗೆಯ ಮುಂದೆ ನಿಂತವಳು ಹಾಗೇ ನಿಂತಳು. ಮೈಕಿಲ್ಲದೆ ಒಂದು ಚರಣಕ್ಕೆ ಬಿಟ್ಟ ಸಮುದ್ರ ಮೂರಕ್ಕೆ ಬಿಡುತ್ತದೆಯೇ ಎಂದು ಅವಳ ತಲೆ ಓಡಿತು. ಪ್ರತಿಧ್ವನಿ ಯಾಕೆ ಹಾಕಿದೆ, ಆ ದರಿದ್ರ ಗುಂಡಿಯನ್ನು ಯಾಕೆ ಮುಟ್ಟಿದೆ!

ಎರಡನೇ ದಿನವೂ ಹಲಗೆ ಖಾಲಿ. ದೋಣಿಯವರ ಮನೆ ಹೆಂಗಸರು ಒಬ್ಬೊಬ್ಬರಾಗಿ ಮಿಸಾಗೊಗೆ ಬಂದು ಕೂತರು, ಅವರಲ್ಲಿ ನಾನೂ ಒಬ್ಬಳು. ಸಂಘದ ಬಾಗಿಲು ಅಲ್ಲಿಂದ ಕಾಣುತ್ತದೆ, ಒಲೆ ಇದೆ, ಫೋನಿದೆ. ಕಿನುಯೆ ಅನ್ನದ ಉಂಡೆ ಕಟ್ಟಿದಳು, ಮೂಲಂಗಿ ಉಪ್ಪಿನಕಾಯಿ ಹೆಚ್ಚಿದಳು. ಯಾರೂ ತಿನ್ನಲಿಲ್ಲ. ಗಾಳಿಗೆ ಶಟರು ಅಲ್ಲಾಡಿದಾಗಲೆಲ್ಲ ಎಲ್ಲರೂ ಬಾಗಿಲ ಕಡೆ ತಿರುಗುತ್ತಿದ್ದರು.

ಮೂರನೇ ದಿನ ತೆನ್ಯೂ ಮೇಸ್ತ್ರಿಯ ಹೆಂಡತಿ ತೊಕಿಕೊ ಬಾಯಿ ಬಿಟ್ಟಳು. ಅವಳ ನಾಲಿಗೆಯ ವಿಚಾರ ಊರಿಗೇ ಗೊತ್ತು.

“ಯಾರೋ ಹಾಡಿದ್ದಾರೆ ಕಣ್ರೇ.”

ಕಿನುಯೆಯ ಕೈಯಲ್ಲಿದ್ದ ಚಾಕು ನಿಂತಿತು. ಈಗ ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ ಏನಾಗುತ್ತದೆ? ಹತ್ತು ಮನೆಯ ಗಂಡಸರನ್ನು ನುಂಗಿದವಳು ಎನ್ನುತ್ತಾರೆ. ಬೆಟ್ಟದವಳು ಬೆಟ್ಟದವಳೇ ಎನ್ನುತ್ತಾರೆ. ಅವಳು ತಲೆ ಎತ್ತದೆ ಮೂಲಂಗಿ ಹೆಚ್ಚಿದಳು.

ತೊಕಿಕೊ ಮೂಲೆಯ ಕುರ್ಚಿಯ ಕಡೆ ತಿರುಗಿದಳು. ಅಲ್ಲಿ ಸಾಚಿಯೆ ಕೂತಿದ್ದಳು. ಇಪ್ಪತ್ತೊಂದರ ಹುಡುಗಿ, ಬಲೆ ಎಳೆಯುವ ಇಸಾಮುವನ್ನು ಮದುವೆಯಾಗಿ ನಾಲ್ಕು ತಿಂಗಳಾಗಿತ್ತು, ಮೀನು ಒಣಗಿಸುವ ಶೆಡ್ಡಿನಲ್ಲಿ ಕೆಲಸ.

“ಸಾಚಿಯೆ, ಮೊನ್ನೆ ಮೊನ್ನೆ ಶೆಡ್ಡಲ್ಲಿ ರೇಡಿಯೊ ಜೊತೆ ಗುನುಗ್ತಾ ಇದ್ಯಲ್ಲ, ಅದ್ಯಾವ್ ಹಾಡೇ?”

“ಅದಾ ಅಕ್ಕಾ? ಅದೇ, ರೈಲಲ್ಲಿ ಹೋಗ್ತಾನೆ, ಅವ್ಳು ಕೈ ಬೀಸ್ತಾಳೆ... ಆ ಹಾಡು.”

“ಹೆಸರೇನು ಅಂತ ಕೇಳ್ದೆ.”

“ಹೆಸ್ರು ಗೊತ್ತಿಲ್ಲಕ್ಕಾ. ರೇಡಿಯೊದಲ್ಲಿ ಹಾಡು ಮಾತ್ರ ಬಂತು.” ಹುಡುಗಿಯ ಮುಖ ಬಿಳುಚಿಕೊಂಡಿತು. “ಅದು... ‘ನ’ ಅಲ್ಲ ಅಲ್ವಾ? ‘ಹಿಮ ಬೀಳುವ’ ಅಂತ ಶುರುವಾಗುತ್ತೆ ಅದು. ನಂಗೆ ನೆನಪಿದೆ, ‘ಹಿಮ ಬೀಳುವ’ ಅಂತಾನೇ.”

“ಶುರುವಾಗೋದು ಯಾರಿಗ್ ಬೇಕು? ಹೆಸ್ರು ಬೇಕು. ಕಿನುಯೆ, ಪುಸ್ತಕ ತಗಿ.”

ಅಯ್ಯೋ, ಆ ಘಳಿಗೆಯಲ್ಲಿ ಅವಳು ಎಷ್ಟೊಂದು ಮಾಡಬಹುದಿತ್ತು! ಪುಸ್ತಕ ಸಿಗಲಿಲ್ಲ ಎನ್ನಬಹುದಿತ್ತು. ಆ ಹಾಡು ಇದರಲ್ಲಿಲ್ಲ ಎನ್ನಬಹುದಿತ್ತು. ಅವಳಿಗೆ ಇಡೀ ಪುಸ್ತಕ ಬಾಯಿಪಾಠ, ಅದು ಯಾವ ಹಾಳೆಯ ಎಷ್ಟನೇ ಸಾಲು ಎಂಬುದೂ ಗೊತ್ತು. ಆದರೆ ಅವಳು ಪುಸ್ತಕ ತೆಗೆದಳು. ಕ್ಲಿಪ್ಪು ಬಿಡಿಸಿದಳು. ಹಾಳೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಇಳಿಸಿದಳು. ಎಲ್ಲರೂ ಎದ್ದು ಬಂದು ಆ ಬೆರಳನ್ನೇ ನೋಡುತ್ತ ನಿಂತರು. ಸಾಚಿಯೆ ಮಾತ್ರ ಕೂತಲ್ಲೇ ಕೂತಿದ್ದಳು, ಎರಡೂ ಕೈ ಬಾಯಿಗೆ ಅಡ್ಡ.

ಬೆರಳು ನಿಂತಿತು. ‘ನನಾಗೋಷಾ’. ಏಳನೇ ಬೋಗಿ.

“ಇದೇ,” ಎಂದಳು ಕಿನುಯೆ. ಹಾಗೆ ಹೇಳುವಾಗ ಅವಳ ಎದೆಯಲ್ಲಿ ಎದ್ದದ್ದು ಒಂದೇ ಭಾವ, ಸದ್ಯ, ನಾನಲ್ಲ. ಆಮೇಲೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಹೋಯ್ತು! ಹನ್ನೊಂದು ಜೀವ ಹೋಯ್ತು!” ತೊಕಿಕೊ ಎದೆ ಬಡಿದುಕೊಂಡಳು. “ಒಂದ್ ಬಾಯಿ ಮುಚ್ಕೊಂಡ್ ಇರೋಕಾಗ್ಲಿಲ್ವೇನೇ ನಿಂಗೆ? ರೈಲಂತೆ, ಕೈ ಬೀಸ್ತಾಳಂತೆ! ಈಗ ನಾವೆಲ್ಲಾ ಕೈ ಬೀಸೋಣ ಬಾ!”

“ನಂಗೆ ಗೊತ್ತಿರ್ಲಿಲ್ಲಕ್ಕಾ... ಆಣೆಗೂ ಗೊತ್ತಿರ್ಲಿಲ್ಲ... ನಾನು ಬರೀ ಗುನುಗಿದ್ದು...”

ರಿತ್ಸು ಅಜ್ಜಿ ಬೈಯಲಿಲ್ಲ. ಅವಳು ಹುಡುಗಿಯನ್ನು ನೋಡಿ ನಿಧಾನವಾಗಿ ಮುಖ ಆ ಕಡೆ ತಿರುಗಿಸಿಕೊಂಡಳು. ಬೈಗುಳಕ್ಕಿಂತ ಅದು ಹೆಚ್ಚು. ಉಳಿದವರೂ, ನಾವೂ, ಹಾಗೇ ತಿರುಗಿ ಕೂತೆವು. ಯಾರಿಗೂ ಆ ಹುಡುಗಿಯ ಮೇಲೆ ದ್ವೇಷವಿರಲಿಲ್ಲ. ಭಯವಿತ್ತು, ಅದನ್ನು ಇಡಲು ಒಂದು ಜಾಗ ಬೇಕಿತ್ತು, ಸಿಕ್ಕಿತು.

ನಾಲ್ಕನೇ ದಿನ ಬೆಳಿಗ್ಗೆ ಗುಮಾಸ್ತ ಓಡಿ ಬಂದ. ಕರಾವಳಿ ಕಾವಲಿನ ಹಡಗಿಗೆ ತೆನ್ಯೂ ಸಿಕ್ಕಿದೆ. ಯಂತ್ರ ಕೆಟ್ಟಿದೆ, ರೇಡಿಯೊ ಕಂಬ ಮುರಿದಿದೆ, ದೋಣಿ ತೇಲುತ್ತಿದೆ. ಹೆಂಗಸರು ಕಿರುಚಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗುಮಾಸ್ತ ಮಾತ್ರ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

“ಹತ್ತು ಜನ ಇದ್ದಾರೆ,” ಎಂದ. “ಒಬ್ರನ್ನ ಅಲೆ ಎಳ್ಕೊಂಡ್ ಹೋಗಿದೆ.”

ಹೆಸರು ಕೇಳಿದ್ದು ಸಾಚಿಯೆಯೇ. “ನಮ್ಮನೆಯವ್ರಾ?” ಎಂದಳು, ಆಗಲೇ ಗೊತ್ತಿದ್ದವಳಂತೆ. ಗುಮಾಸ್ತ ತಲೆ ಬಗ್ಗಿಸಿದ. ಅವಳು ಅಳಲಿಲ್ಲ, ನೆಲಕ್ಕೆ ಹಣೆ ಹಚ್ಚಿ ನಮ್ಮೆಲ್ಲರಿಗೂ ನಮಸ್ಕರಿಸಿ, “ನನ್ನಿಂದ ನಿಮಗೆಲ್ಲಾ ತೊಂದ್ರೆ ಆಯ್ತು, ಕ್ಷಮಿಸಿ” ಎಂದಳು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಯಾಸುಕಿಚಿ ಮನೆಗೆ ಬಂದ. ಕಿವಿಗಳು ಚಳಿಗೆ ಕಪ್ಪಾಗಿದ್ದವು. ಕಿನುಯೆ ಬಿಸಿನೀರು ಕಾಯಿಸಿದಳು, ಮೀಸೊ ಸಾರು ಬಡಿಸಿದಳು. ಅವನು ಎರಡು ಬಟ್ಟಲು ಕುಡಿದು ಆಮೇಲೆ ಹೇಳಿದ.

“ಇಸಾಮು ನನ್ ಕಣ್ಮುಂದೆನೇ ಹೋದ. ಹಗ್ಗ ಹಿಡ್ದಿದ್ದ, ಅಲೆ ಬಂತು, ಹಗ್ಗ ಮಾತ್ರ ಇತ್ತು.”

“ಯಾವತ್ತು?”

“ಹನ್ನೆರಡ್ನೇ ದಿನ ಎದ್ದ ಗಾಳೀಲಿ, ರಾತ್ರಿಯೆಲ್ಲಾ ಬೀಸ್ತು. ಮೂರು ಗಂಟೆ ಇರ್ಬೇಕು.”

ಮೂರು ಗಂಟೆ ದಿನಕ್ಕೆ ಎರಡು ಸಲ ಬರುತ್ತದೆ. ಮಧ್ಯಾಹ್ನದ ಮೂರೋ ಮರುದಿನ ಬೆಳಗಿನ ಜಾವದ ಮೂರೋ ಎಂದು ಅವಳು ಕೇಳಬಹುದಿತ್ತು. ಖಾಲಿ ಬಟ್ಟಲು ತೆಗೆದುಕೊಂಡು ಎದ್ದಳು. ಆ ಮೇಲೆ ಯಾಸುಕಿಚಿ ಹದಿನೇಳು ವರ್ಷ ಬದುಕಿದ್ದ, ದಿನಾ ಎದುರಿಗೆ ಕೂತು ಉಂಡ. ಒಂದು ದಿನವೂ ಅವಳು ಕೇಳಲಿಲ್ಲ.

ಇಸಾಮುವಿನ ಹೆಣ ಸಿಗಲಿಲ್ಲ. ಏಳನೇ ದಿನದ ಪೂಜೆಗೆ ಅವನ ಟೊಪ್ಪಿಗೆಯನ್ನಿಟ್ಟು ಗಂಧದಕಡ್ಡಿ ಹಚ್ಚಿದರು. ಎಲ್ಲ ಹೆಂಗಸರೂ ಬಂದಿದ್ದರು, ಆದರೆ ಸಾಚಿಯೆಯ ಪಕ್ಕದ ಆಸನ ಖಾಲಿಯಿತ್ತು. ಕಿನುಯೆ ಒಂದು ವಾರ ನಿದ್ದೆ ಮಾಡಿರಲಿಲ್ಲ. ಹೋಗಿ ಆ ಆಸನದಲ್ಲಿ ಕೂತಳು. ಕೂತು, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು.

“ಹಾಡಿದ್ದು ನಾನು. ಇವ್ಳು ಗುನುಗಿದ್ದು ಏನೂ ಅಲ್ಲ. ನಾನು ಶಟರ್ ಎಳ್ಕೊಂಡು, ಮೈಕ್ ಹಿಡ್ಕೊಂಡು ಮೂರು ಚರಣ ಹಾಡ್ದೆ. ‘ನತ್ಸುಕಾವಾ ಸೇತುವೆ’. ಹನ್ನೆರಡ್ನೇ ದಿನ. ಪ್ರತಿ ಸಲಾನೂ ಹಾಡ್ತಿದ್ದೆ. ಬೈಯೋದಾದ್ರೆ ನನ್ನ ಬೈರಿ.”

ಕಿನುಯೆ ಕಣ್ಣು ಮುಚ್ಚಿಕೊಂಡು ಕಾದಳು, ಮೊದಲ ಕಲ್ಲು ಯಾರದು ಬೀಳುತ್ತದೋ ಎಂದು. ಬಿದ್ದದ್ದು ಅಳು. ತೊಕಿಕೊ ಬಿಕ್ಕಿ ಬಿಕ್ಕಿ ಅಳತೊಡಗಿದ್ದಳು.

“ನೋಡ್ರೇ, ನೋಡ್ರೇ ಇವ್ಳನ್ನ! ನಾವೆಲ್ಲಾ ಆ ಮಗೂನ ಹರಿದು ಮುಕ್ಕಿದ್ವಿ. ಇವ್ಳು ತನ್ ತಲೆ ಮೇಲೆ ಹಾಕ್ಕೊಳ್ತಿದ್ದಾಳೆ!”

“ಇಲ್ಲ ತೊಕಿಕೊ, ನಿಜ್ವಾಗ್ಲೂ ನಾನೇ.”

“ಸುಮ್ನಿರೇ ಮಾರಾಯ್ತಿ. ಇಷ್ಟು ವರ್ಷ ಕ್ಲಿಪ್ಪು ಸಿಕ್ಕಿಸ್ತಾ ಬಂದೋಳು ನೀನು. ನೀನು ಹಾಡೋದುಂಟಾ? ಸುಳ್ಳು ಹೇಳೋಕೂ ಬರಲ್ಲ ನಿಂಗೆ.”

ರಿತ್ಸು ಅಜ್ಜಿ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡು, “ನನ್ ಹೊಟ್ಟೇಲಿ ಹುಟ್ಬೇಕಿತ್ತು ನೀನು” ಎಂದಳು. ನಾವೆಲ್ಲ ಅತ್ತೆವು. ನಾಚಿಕೆಯಿಂದ ಸಾಚಿಯೆಯ ಸುತ್ತ ಕೂತೆವು, ಆ ದಿನದಿಂದ ಯಾರೂ ಅವಳಿಗೆ ಒಂದು ಕಟುಮಾತು ಆಡಲಿಲ್ಲ. ಕಿನುಯೆಯ ಹೆಸರು ಊರಲ್ಲಿ ದೇವಿಯ ಹೆಸರಿನಷ್ಟು ದೊಡ್ಡದಾಯಿತು. ಅವಳು ಎಷ್ಟು ಸಲ “ನಾನೇ” ಎಂದಳೋ ಅಷ್ಟು ಸಲ ಅದು ಇನ್ನೂ ಬೆಳೆಯಿತು. ನಾವು ನಂಬಿದ್ದು ತೀರಾ ತಡವಾಗಿ, ಎಷ್ಟೋ ವರ್ಷದ ಮೇಲೆ ಅವಳೇ ನನ್ನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಾಗ.

ಅಂದಿನಿಂದ ಕಿನುಯೆಯ ಭಯದ ದಿಕ್ಕು ಬದಲಾಯಿತು. ಸಿಕ್ಕಿಬೀಳುವ ಭಯ ಹೋಯಿತು, ಸಿಕ್ಕಿಬೀಳದೆ ಸಾಯುವ ಭಯ ಹಿಡಿಯಿತು. ಮಾಡಿದ ಕೆಲಸಕ್ಕೆ ಮರ್ಯಾದೆ ಸಿಕ್ಕಿತು, ಮಾಡದವಳು ಆ ತಪ್ಪನ್ನು ಹೊತ್ತುಕೊಂಡು ತಿರುಗುತ್ತಿದ್ದಳು. ಸಾಚಿಯೆ ಬೇರೆ ಮದುವೆಯಾಗಲಿಲ್ಲ. ಶೆಡ್ಡಿನಲ್ಲೇ ಉಳಿದಳು. ಅವಳು ಇದ್ದ ಕಡೆ ರೇಡಿಯೊ ಹಾಕುವಂತಿರಲಿಲ್ಲ, ತಾನೇ ಹೋಗಿ ಆರಿಸುತ್ತಿದ್ದಳು. ಪ್ರತಿ ತಿಂಗಳೂ ಇಸಾಮು ಹೋದ ತಾರೀಕಿಗೆ ಮಧ್ಯಾಹ್ನ ಮಿಸಾಗೊಗೆ ಬಂದು ಒಂದು ಟೀ ಕುಡಿದು ಹೋಗುತ್ತಿದ್ದಳು. ಆ ತಾರೀಕು ಹತ್ತಿರ ಬಂತೆಂದರೆ ಕಿನುಯೆಯ ಕೈಯಿಂದ ಕಪ್ಪುಗಳು ಜಾರಿ ಒಡೆಯುತ್ತಿದ್ದವು.

ಮೂರನೇ ವರ್ಷದ ಪೂಜೆಯ ದಿನ ಕಿನುಯೆ ಮತ್ತೆ ಹೇಳಿದಳು. ಸಾಚಿಯೆ ಅವಳ ಕೈ ತಟ್ಟಿ, “ನೀವು ಎಷ್ಟು ಒಳ್ಳೆಯವ್ರು ಅಕ್ಕಾ” ಎಂದಳು. ಏಳನೇ ವರ್ಷವೂ ಅದೇ. ಹದಿಮೂರನೇ ವರ್ಷ ಕಿನುಯೆಗೆ ಸಿಟ್ಟೇ ಬಂತು, “ಒಳ್ಳೆಯವ್ಳಲ್ಲ ಕಣೇ, ಪಾಪಿ! ಬೆರಳಿಟ್ಟು ತೋರ್ಸಿದ್ನಲ್ಲ ನಿನ್ನ!” ಎಂದು ಕೂಗಿದಳು. ಸಾಚಿಯೆ ನಕ್ಕು ಕಣ್ಣೊರೆಸಿಕೊಂಡಳು.

ಇಪ್ಪತ್ತೆರಡನೇ ವರ್ಷ ಕಿನುಯೆಗೆ ಹೊಟ್ಟೆಯ ಆಪರೇಷನ್ ನಿಗದಿಯಾಯಿತು. ವೈದ್ಯರು ನೇರವಾಗಿ ಏನೂ ಹೇಳಲಿಲ್ಲ, ಅದರಿಂದಲೇ ಅವಳಿಗೆ ಅರ್ಥವಾಯಿತು. ಆ ತಿಂಗಳ ತಾರೀಕಿಗೆ ಸಾಚಿಯೆ ಬಂದಾಗ ಕಿನುಯೆ ಶಟರು ಎಳೆದು ಎದುರಿಗೆ ಕೂತಳು.

“ಇವತ್ತು ನೀನು ನಂಬ್ಲೇಬೇಕು. ನಾನು ಹಾಡಿ ತೋರಿಸ್ತೀನಿ. ಕೇಳು, ಕೇಳಿದ್ರೆ ಗೊತ್ತಾಗುತ್ತೆ, ಇದು ಕದ್ದು ಕದ್ದು ಹಾಡಿ ಪಳಗಿದ್ ಗಂಟ್ಲು ಅಂತ.”

ಉಸಿರೆಳೆದುಕೊಂಡಳು. ಮೊದಲ ಸಾಲು ಬಾಯಿಗೆ ಬರುವ ಮುಂಚೆ ಸಾಚಿಯೆ ಮೇಜಿನ ಮೇಲಿಂದ ಬಾಗಿ ತನ್ನ ಅಂಗೈಯಿಂದ ಅವಳ ಬಾಯಿ ಮುಚ್ಚಿಬಿಟ್ಟಳು. ಆ ಕೈಗೆ ಒಣಮೀನಿನ ವಾಸನೆಯಿತ್ತು.

“ಬೇಡಿ ಅಕ್ಕಾ. ನಂಗೆ ಗೊತ್ತು. ಹದ್ಮೂರ್ನೇ ವರ್ಷ ನೀವು ಕೂಗಿದ್ರಲ್ಲ, ಆವತ್ತೇ ಗೊತ್ತಾಯ್ತು. ಸುಳ್ಳು ಹೇಳೋರು ಹಂಗೆ ಕೂಗಲ್ಲ.”

ಸಾಚಿಯೆ ಕೈ ತೆಗೆಯಲಿಲ್ಲ. ಅವಳ ದನಿ ಸಣ್ಣಗಾಯಿತು.

“ಆವತ್ತು ಮನೆಗೆ ಹೋಗಿ ಯೋಚ್ನೆ ಮಾಡ್ದೆ. ನೀವು ಎಷ್ಟೋ ವರ್ಷ ಹಾಡಿದ್ದೀರಿ, ದೋಣಿ ಬಂದಿದೆ. ಹಂಗಾದ್ರೆ ಹಾಡಿಂದಲ್ಲ. ನಿಮ್ಮಿಂದಾನೂ ಅಲ್ಲ, ನನ್ನಿಂದಾನೂ ಅಲ್ಲ. ಸಮುದ್ರ ಸುಮ್‌ಸುಮ್ನೆ ಕೈ ಹಾಕಿ ಹನ್ನೊಂದ್ರಲ್ಲಿ ಒಬ್ರನ್ನ ತಗೊಂಡ್ತು. ಅದು ತಲೆಗ್ ಬಂದ್ಮೇಲೆ ಮೂರು ದಿನ ನಾನು ಬಾಗ್ಲು ದಾಟ್ಲಿಲ್ಲ ಅಕ್ಕಾ, ರಸ್ತೆಗಿಳಿಯೋಕೂ ಭಯ. ಯಾವಾಗ ಏನು ಯಾರನ್ನ ಎಳ್ಕೊಂಡ್ ಹೋಗುತ್ತೋ, ಲೆಕ್ಕಾನೇ ಇಲ್ಲ ಅಂದ್ರೆ ಹೆಂಗೆ ಬದುಕೋದು? ನನ್ ತಪ್ಪಿಂದ ಹೋದ್ರು ಅಂದ್ಕೊಂಡಿದ್ದಾಗ ಅಳ್ತಿದ್ದೆ, ಆದ್ರೆ ನಿದ್ದೆ ಬರ್ತಿತ್ತು. ಅದಕ್ಕೇ ವಾಪಸ್ ಅದನ್ನೇ ಹಿಡ್ಕೊಂಡೆ. ಅದೊಂದನ್ನ ಕಿತ್ಕೋಬೇಡಿ. ಹೇಳಿ ಅಕ್ಕಾ, ನೀನೇ ಕಾರಣ ಅಂತ ಒಂದ್ಸಲ ನಂಗೆ ಹೇಳಿ.”

ಅವಳು ಕೈ ತೆಗೆದಳು. ಇಪ್ಪತ್ತೆರಡು ವರ್ಷದಿಂದ ಕಿನುಯೆ ಹೇಳಬೇಕೆಂದಿದ್ದುದು ಒಂದೇ ಮಾತು. ಈಗ ಕೇಳುವವಳು ಎದುರಿಗಿದ್ದಾಳೆ, ನಂಬಿಯೂ ಇದ್ದಾಳೆ. ಸಾಚಿಯೆಯ ಕಣ್ಣುಗಳಲ್ಲಿದ್ದ ಹೆದರಿಕೆಯನ್ನು ಕಿನುಯೆ ನೋಡಿದಳು, ತನ್ನದು ಅದರ ಮುಂದೆ ಎಷ್ಟರದು ಎಂದು ಅವಳಿಗೆ ಆಗ ತಿಳಿಯಿತು.

“ಹೂಂ ಕಣೇ,” ಎಂದಳು. “ನೀನೇ.”

ಸಾಚಿಯೆ ನಿಟ್ಟುಸಿರು ಬಿಟ್ಟಳು. ಟೀ ಆರಿಹೋಗಿತ್ತು, ಆದರೂ ಪೂರ್ತಿ ಕುಡಿದಳು. ಆಮೇಲೆ ಶಟರು ಎತ್ತಿ, ನಾಲ್ಕೂವರೆಯ ಬಸ್ಸಿಗೆ ಹೊರಟಳು.